ಹಡಗಿನ ಉಪನ್ಯಾಸಕರಿಗೆ ಪ್ರವಾಸ ಪುಕ್ಕಟೆಯೇ?

“ಕ್ರೂಸ್ ಹಡಗಿನಲ್ಲಿ ನಾಲ್ಕಾರು ಉಪನ್ಯಾಸ ಕೊಟ್ಟರೆ ಪುಕ್ಕಟೆಯಾಗಿ ದೇಶ ಸುತ್ತಬಹುದಂತೆ. ನಾನೂ ಮೂವತ್ತು ವರ್ಷ ಪಾಠ ಹೇಳಿದವನು. ಇದಕ್ಕೆ ಸೇರುವುದು ಹೇಗೆ?”

ಪದಗಳು ಅಷ್ಟಿಷ್ಟು ಬದಲಾದರೂ ಪ್ರಶ್ನೆ ಇದೇ. ಹಡಗುಗಳಲ್ಲಿ ಅತಿಥಿ ಉಪನ್ಯಾಸಕನಾಗಿ ಹೋಗಲು ಆರಂಭಿಸಿದ ಮೇಲೆ ನನಗೆ ಬಂದ ಪತ್ರಗಳಲ್ಲಿ ಬಹುಪಾಲು ಇದನ್ನೇ ಕೇಳುತ್ತವೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ದಣಿದಿದ್ದೇನೆ. ಆದ್ದರಿಂದ ಈ ಬಾರಿ ಎಲ್ಲರಿಗೂ ಸೇರಿಸಿ, ವಿವರವಾಗಿ ಬರೆಯುತ್ತಿದ್ದೇನೆ. ಸೇರುವ ಬಗೆಯನ್ನು ಆಮೇಲೆ ಹೇಳುತ್ತೇನೆ, ಅದು ಕಷ್ಟದ ವಿಷಯವಲ್ಲ. ಮೊದಲು ‘ಪುಕ್ಕಟೆ’ ಎಂಬ ಮಾತು ಇತ್ಯರ್ಥವಾಗಬೇಕು. ಅದನ್ನು ನಂಬಿ ಹಡಗು ಹತ್ತಿದವರು ಒಂದೇ ಯಾನಕ್ಕೆ ಈ ಕೆಲಸವನ್ನು ಬಿಟ್ಟದ್ದನ್ನು ಕಂಡಿದ್ದೇನೆ, ಮತ್ತು ಅವರಲ್ಲಿ ಕೆಲವರು ನನಗಿಂತ ಚೆನ್ನಾಗಿ ತಮ್ಮ ವಿಷಯವನ್ನು ಬಲ್ಲವರಾಗಿದ್ದರು.

ಟಿಕೆಟ್ಟಿಗೆ ಹಣ ಕೊಡಬೇಕಾಗಿಲ್ಲ ಎಂಬುದು ನಿಜ. ಸಾಮಾನ್ಯ ಒಪ್ಪಂದ ಹೀಗಿರುತ್ತದೆ: ಉಪನ್ಯಾಸಕರಿಗೂ ಅವರ ಜೊತೆಗಾರರೊಬ್ಬರಿಗೂ ಸೇರಿ ಒಂದು ಕೋಣೆ, ಪ್ರಯಾಣಿಕರು ಉಣ್ಣುವ ಊಟ, ಅದಕ್ಕೆ ಪ್ರತಿಯಾಗಿ ಉಪನ್ಯಾಸ. ಬಹುತೇಕ ಹಡಗುಗಳಲ್ಲಿ ಸಂಭಾವನೆ ಎಂಬುದು ಇಲ್ಲವೇ ಇಲ್ಲ. ಹಡಗು ಹೊರಡುವ ಬಂದರಿನವರೆಗಿನ ವಿಮಾನದ ಖರ್ಚು ಸಾಮಾನ್ಯವಾಗಿ ನಿಮ್ಮದೇ. ವೀಸಾ ನಿಮ್ಮದು, ಪ್ರಯಾಣವಿಮೆ ನಿಮ್ಮದು, ಹಡಗಿನ ವೈದ್ಯರ ಬಳಿ ಹೋಗಬೇಕಾಗಿ ಬಂದರೆ ಆ ಬಿಲ್ಲೂ ನಿಮ್ಮದೇ. ಪಾನೀಯ, ಇಂಟರ್ನೆಟ್, ಬಟ್ಟೆ ಒಗೆಸುವುದು, ಬಂದರಿನಲ್ಲಿ ಏರ್ಪಡಿಸುವ ಪ್ರವಾಸಗಳು, ಕೆಲವು ಕಡೆ ಸಿಬ್ಬಂದಿಗೆ ಕೊಡುವ ಭಕ್ಷೀಸು, ಇವೆಲ್ಲ ಒಪ್ಪಂದದ ಹೊರಗಿರುತ್ತವೆ. ಇದರ ಜೊತೆಗೆ, ಉಪನ್ಯಾಸಕರನ್ನು ಒದಗಿಸುವ ಮಧ್ಯವರ್ತಿ ಸಂಸ್ಥೆಗಳಲ್ಲಿ ಕೆಲವು, ಹಡಗಿನಲ್ಲಿರುವ ದಿನಕ್ಕೆ ಇಷ್ಟು ಎಂದು ಉಪನ್ಯಾಸಕರಿಂದಲೇ ಶುಲ್ಕ ಪಡೆಯುತ್ತವೆ. ವೀಸಾ ವಿಷಯದಲ್ಲಿ ತಪ್ಪು ಮಾಡುವವರು ಬಹಳ: ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದ ಬಂದರಿನಿಂದ ಹೊರಟ ಹಡಗು ನಡುವೆ ಆ ವಲಯದ ಹೊರಗಿನ ದೇಶವೊಂದಕ್ಕೆ ಹೋಗಿ ಮತ್ತೆ ಮರಳುವುದಾದರೆ, ಒಮ್ಮೆ ಮಾತ್ರ ಪ್ರವೇಶ ಕೊಡುವ ವೀಸಾ ಸಾಲುವುದಿಲ್ಲ. ಇವನ್ನೆಲ್ಲ ಕೂಡಿಸಿ ನೋಡಿದಾಗ, ಬೇಡಿಕೆ ಕಡಿಮೆಯಿರುವ ತಿಂಗಳಲ್ಲಿ ಸಾಧಾರಣ ಕೋಣೆಯೊಂದಕ್ಕೆ ಕೊಡುವ ಹಣದ ಹತ್ತಿರಕ್ಕೇ ಮೊತ್ತ ಹೋಗಿ ನಿಂತದ್ದು ನನ್ನ ಲೆಕ್ಕದ ಪುಸ್ತಕದಲ್ಲಿ ಒಂದೆರಡು ಬಾರಿ ಇದೆ.

ಆದರೆ ಹಣದ ಲೆಕ್ಕ ಈ ತಪ್ಪುಕಲ್ಪನೆಯ ಚಿಕ್ಕ ಭಾಗ. “ದಿನಕ್ಕೆ ಮುಕ್ಕಾಲು ಗಂಟೆ ಮಾತನಾಡಿದರೆ ಆಯಿತಲ್ಲ, ಉಳಿದದ್ದೆಲ್ಲ ರಜೆಯೇ” ಎಂಬುದೇ ಅದರ ಬೇರು. ಉಪನ್ಯಾಸ 45 ನಿಮಿಷದ್ದು ಎಂಬುದು ಸರಿ. ಹಡಗು ಯಾವ ಬಂದರಿಗೂ ಹೋಗದೆ ನಡುಸಮುದ್ರದಲ್ಲಿ ಸಾಗುವ ದಿನಗಳಲ್ಲಿ ಮಾತ್ರ ಉಪನ್ಯಾಸವಿರುತ್ತದೆ ಎಂಬುದೂ ಬಹುಮಟ್ಟಿಗೆ ಸರಿ. ಎರಡು ವಾರದ ಯಾನದಲ್ಲಿ ಅಂಥ ಐದಾರು ದಿನಗಳು ಸಿಗುತ್ತವೆ. ಆದರೆ ಆ 45 ನಿಮಿಷ ಎಲ್ಲಿಂದ ಬರುತ್ತದೆ? ಹೊಸ ವಿಷಯದ ಒಂದು ಉಪನ್ಯಾಸಕ್ಕೆ ಮನೆಯಲ್ಲಿ ಕುಳಿತು ನಾನು ವ್ಯಯಿಸುವುದು ಸುಮಾರು 40 ಗಂಟೆ. ಆರು ಉಪನ್ಯಾಸವೆಂದರೆ 240 ಗಂಟೆ, ಅಂದರೆ ದಿನಕ್ಕೆ ಎಂಟು ಗಂಟೆಯಂತೆ 30 ಕೆಲಸದ ದಿನ. ಚಿತ್ರಗಳಿಗೆ ಬಳಕೆಯ ಹಕ್ಕು ಇರಬೇಕು, ಏಕೆಂದರೆ ಅನೇಕ ಹಡಗುಗಳಲ್ಲಿ ಉಪನ್ಯಾಸವನ್ನು ಚಿತ್ರೀಕರಿಸಿ ಕೋಣೆಗಳ ಟಿವಿಯಲ್ಲಿ ಮತ್ತೆ ತೋರಿಸುತ್ತಾರೆ. ಇಂಟರ್ನೆಟ್ಟನ್ನು ನಂಬಿದ ಯಾವ ವಿಡಿಯೊವೂ ಇರಕೂಡದು. ಎಲ್ಲವೂ ಕಡತದೊಳಗೇ, ಅದೂ ಎರಡು ಪ್ರತ್ಯೇಕ ಪೆನ್‌ಡ್ರೈವ್‌ಗಳಲ್ಲಿ ಇರಬೇಕು. ಶಾಲೆಯಲ್ಲಿ ಹೇಳಿದ ಪಾಠವನ್ನೇ ಹಡಗಿನಲ್ಲಿ ಹೇಳಬಹುದು ಎಂದುಕೊಂಡವರು ಇಲ್ಲಿಯೇ ಎಡವುತ್ತಾರೆ. ತರಗತಿಯಲ್ಲಿ ವಿದ್ಯಾರ್ಥಿಗೆ ಪರೀಕ್ಷೆಯಿದೆ, ಹಾಜರಾತಿಯಿದೆ. ಪಾಠ ಸಪ್ಪೆಯಾದರೂ ಕುಳಿತಿರುತ್ತಾನೆ. ಹಡಗಿನ ಶ್ರೋತೃವಿಗೆ ಅದೇ ಹೊತ್ತಿನಲ್ಲಿ ಈಜುಕೊಳ, ಸಂಗೀತ, ನೃತ್ಯಾಭ್ಯಾಸ, ಸುಮ್ಮನೆ ಕಡಲು ನೋಡುತ್ತ ಕೂರುವ ಕುರ್ಚಿ, ಎಲ್ಲವೂ ತೆರೆದಿರುತ್ತವೆ. ಹತ್ತನೆಯ ನಿಮಿಷಕ್ಕೆ ಅವರು ಎದ್ದು ಹೋದರೆ ತಪ್ಪು ಅವರದಲ್ಲ. ಎಷ್ಟು ಜನ ಬಂದರು ಎಂದು ಸಿಬ್ಬಂದಿಯೊಬ್ಬರು ಎಣಿಸುತ್ತಾರೆ, ಯಾನದ ಕೊನೆಯಲ್ಲಿ ಪ್ರಯಾಣಿಕರು ಅಂಕ ಕೊಡುತ್ತಾರೆ, ಮುಂದಿನ ಆಹ್ವಾನ ಅದನ್ನೇ ಅವಲಂಬಿಸಿರುತ್ತದೆ.

ಇನ್ನು ಆ ‘ಉಳಿದ ರಜೆ’. ಅತಿಥಿ ಉಪನ್ಯಾಸಕರು ಪ್ರಯಾಣಿಕರೂ ಅಲ್ಲ, ನಾವಿಕರೂ ಅಲ್ಲ. ಕೋಣೆ ಪ್ರಯಾಣಿಕರ ಅಂತಸ್ತಿನಲ್ಲಿರುತ್ತದೆ, ಆದರೆ ವರದಿ ಮಾಡಿಕೊಳ್ಳಬೇಕಾದದ್ದು ಕ್ರೂಸ್ ಡೈರೆಕ್ಟರ್ ಎಂಬ ಅಧಿಕಾರಿಗೆ. ರಾತ್ರಿಯ ಪ್ರದರ್ಶನದಲ್ಲಿ ಜನ ತುಂಬಿದ್ದರೆ ಹಣ ಕೊಟ್ಟು ಬಂದವರಿಗೆ ಆಸನ ಬಿಟ್ಟುಕೊಡಬೇಕು. ತಮ್ಮ ಪುಸ್ತಕವನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ. ಪಕ್ಷ ರಾಜಕೀಯವನ್ನೂ ಮತಪ್ರಚಾರವನ್ನೂ ವೇದಿಕೆಗೆ ತರುವಂತಿಲ್ಲ. ಊಟದ ಮೇಜಿನಲ್ಲಿಯೂ ಎಚ್ಚರವಾಗಿರಬೇಕು, ಏಕೆಂದರೆ ಮೊದಲ ಉಪನ್ಯಾಸ ಮುಗಿದ ಕ್ಷಣದಿಂದ ನೀವು ಎಲ್ಲರಿಗೂ ಪರಿಚಿತರು. ಲಿಫ್ಟಿನಲ್ಲಿ, ತಿಂಡಿಯ ಸಾಲಿನಲ್ಲಿ, ಮೆಟ್ಟಿಲ ಮೇಲೆ ಪ್ರಶ್ನೆಗಳು ಬರುತ್ತವೆ. ಉತ್ತರಿಸುವುದು ನನಗೆ ಸಂತೋಷದ ಕೆಲಸ, ಆದರೆ ಅದು ಕೆಲಸವೇ. ಜೊತೆಗೆ ಬಂದ ಸಂಗಾತಿಯ ನಡವಳಿಕೆಯ ಹೊಣೆಯೂ ನಿಮ್ಮ ಮೇಲಿರುತ್ತದೆ ಎಂಬುದನ್ನು ಮೊದಲೇ ಮನೆಯಲ್ಲಿ ಮಾತನಾಡಿಕೊಂಡಿರುವುದು ಒಳ್ಳೆಯದು.

ಬಂದರಿನ ದಿನಗಳಾದರೂ ನಿಮ್ಮವೇ ಎಂದರೆ, ಅದಕ್ಕೂ ಖಾತ್ರಿಯಿಲ್ಲ. ಗಾಳಿ ಬಲವಾಗಿದ್ದರೆ ಕ್ಯಾಪ್ಟನ್ ಬಂದರು ಪ್ರವೇಶವನ್ನು ಕೈಬಿಡುತ್ತಾರೆ. ಅಂಥ ಬೆಳಿಗ್ಗೆ ಏಳು ಗಂಟೆಗೆ ನನ್ನ ಕೋಣೆಯ ಫೋನು ಬಾರಿಸಿದ್ದುಂಟು: ಇಂದು ಯಾರೂ ಇಳಿಯುತ್ತಿಲ್ಲ, ಹನ್ನೊಂದಕ್ಕೆ ಒಂದು ಉಪನ್ಯಾಸ ಬೇಕು. ಒಪ್ಪಂದದಲ್ಲಿ ಆರು ಎಂದಿದ್ದರೆ ಎಂಟನ್ನು ಸಿದ್ಧಮಾಡಿಕೊಂಡು ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ. ನಿರಾಶರಾದ ಸಾವಿರಾರು ಜನ ಹಡಗಿನೊಳಗೇ ಉಳಿದ ಆ ಹೊತ್ತಿನಲ್ಲಿ ಒಳ್ಳೆಯ ಉಪನ್ಯಾಸಕ್ಕೆ ಇರುವ ಬೆಲೆ ಬೇರೆಯೇ.

ಹಾಗಾದರೆ ಹೋಗುವುದೇಕೆ? ಇದಕ್ಕೆ ನನ್ನ ಬಳಿ ಒಂದು ಉದಾಹರಣೆಯಿದೆ, ಅದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಅಟ್ಲಾಂಟಿಕ್ ದಾಟುವ ಯಾನ ಸಾಮಾನ್ಯವಾಗಿ ಏಳು ರಾತ್ರಿಗಳದ್ದು. ಎರಡು ಊರುಗಳ ನಡುವೆ ಐದು ಗಂಟೆಗಳ ವ್ಯತ್ಯಾಸವಿರುವುದರಿಂದ ಐದು ರಾತ್ರಿ ಎಲ್ಲರೂ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ಇಟ್ಟುಕೊಳ್ಳುತ್ತಾರೆ. ಮೊದಲ ಬಾರಿ ಹಾಗೆ ಮಾಡಿ ಎದ್ದ ಬೆಳಿಗ್ಗೆಯೇ ನಾನು ರೇಖಾಂಶದ ಉಪನ್ಯಾಸವನ್ನು ಇಟ್ಟುಕೊಳ್ಳುತ್ತೇನೆ. ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ. ನೀವು ನಿನ್ನೆ ರಾತ್ರಿ ತಿರುಗಿಸಿದ ಮುಳ್ಳು ನಿಜಕ್ಕೂ ಹಡಗು ದಾಟುತ್ತಿರುವ ರೇಖಾಂಶದ ಲೆಕ್ಕ ಎಂದಾಗ ಸಭಾಂಗಣದಲ್ಲಿ ಜನ ತಮ್ಮ ಕೈಗಡಿಯಾರವನ್ನು ನೋಡಿಕೊಳ್ಳುತ್ತಾರೆ. ಅಲ್ಲಿಂದ 1714ರ ಬ್ರಿಟಿಷ್ ಕಾಯಿದೆಗೆ ಹೋಗುವುದು ಸುಲಭ: ಕಡಲಿನಲ್ಲಿ ಅರ್ಧ ಡಿಗ್ರಿಯೊಳಗೆ ರೇಖಾಂಶವನ್ನು ಹೇಳಬಲ್ಲ ವಿಧಾನಕ್ಕೆ 20,000 ಪೌಂಡ್ ಬಹುಮಾನ. ಹೊರಟ ಊರಿನ ಸಮಯಕ್ಕೂ ಹಡಗಿರುವ ಕಡೆಯ ಸಮಯಕ್ಕೂ ಇರುವ ವ್ಯತ್ಯಾಸವೇ ರೇಖಾಂಶವನ್ನು ಹೇಳುತ್ತದೆ, ಅರ್ಧ ಡಿಗ್ರಿ ಎಂದರೆ ಎರಡು ನಿಮಿಷ ಕಾಲ. ವಾರಗಟ್ಟಲೆ ಅಲುಗಾಡುವ, ಶಾಖವೂ ತೇವವೂ ಬದಲಾಗುತ್ತಲೇ ಇರುವ ಹಡಗಿನಲ್ಲಿ ಒಟ್ಟು ಎರಡು ನಿಮಿಷಕ್ಕಿಂತ ಹೆಚ್ಚು ತಪ್ಪದ ಗಡಿಯಾರ ಬೇಕಿತ್ತು. ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ದಶಕಗಳ ಕಾಲ ದುಡಿದು ಮಾಡಿದ ನಾಲ್ಕನೆಯ ಗಡಿಯಾರ 1761ರಲ್ಲಿ ಜಮೈಕಾಕ್ಕೆ ಹೊರಟಿತು. ದಿನಕ್ಕೆ ಇಷ್ಟು ಎಂದು ಮೊದಲೇ ಗೊತ್ತಿದ್ದ ಅದರ ನಡಿಗೆಯ ದೋಷವನ್ನು ಕಳೆದ ಮೇಲೆ ಅಲ್ಲಿ ಕಂಡ ತಪ್ಪು ಸುಮಾರು 5 ಸೆಕೆಂಡು ಮಾತ್ರ. ಇದೇ ಕಥೆಯನ್ನು ನೆಲದ ಮೇಲಿನ ಸಭಾಂಗಣಗಳಲ್ಲಿ ಎಷ್ಟೋ ಬಾರಿ ಹೇಳಿದ್ದೇನೆ. ಆದರೆ ಸುತ್ತ ಎತ್ತ ನೋಡಿದರೂ ನೀರೇ ಇರುವಾಗ, ನಾವು ಎಲ್ಲಿದ್ದೇವೆ ಎಂಬ ಪ್ರಶ್ನೆ ಕೇಳುಗರ ಮೈಗೇ ತಟ್ಟುತ್ತದೆ, ಸಭೆ ಮೌನವಾಗುತ್ತದೆ. ಆ ಮೌನಕ್ಕಾಗಿ 40 ಗಂಟೆ ಕೂರಬಹುದು.

ಈ ಪುಕ್ಕಟೆಯ ನಂಬಿಕೆಗೆ ಹಳೆಯದೊಂದು ಮೂಲವಿರಬಹುದು. ವಿಹಾರಯಾನ ಎಂಬುದೇ ಮೊದಲು ಅನುಕೂಲಸ್ಥರ ವಿರಾಮದ ಲೋಕದಲ್ಲಿ ಹುಟ್ಟಿತು: ಚಳಿಗಾಲದಲ್ಲಿ ಕೆಲಸವಿಲ್ಲದೆ ನಿಲ್ಲುತ್ತಿದ್ದ ‘ಆಗಸ್ಟಾ ವಿಕ್ಟೋರಿಯಾ’ ಹಡಗನ್ನು ಜರ್ಮನಿಯ ಹಡಗು ಸಂಸ್ಥೆಯೊಂದರ ಅಧಿಕಾರಿ ಆಲ್ಬರ್ಟ್ ಬಾಲಿನ್ 1891ರಲ್ಲಿ 241 ಪ್ರಯಾಣಿಕರೊಂದಿಗೆ ಮೆಡಿಟರೇನಿಯನ್ ಸುತ್ತಲು ಕಳುಹಿಸಿದರು. 1950ರ ದಶಕದಲ್ಲಿ ಆರಂಭವಾದ, ಬ್ರಿಟನ್ನಿನ ಸ್ವಾನ್ ಹೆಲೆನಿಕ್ ಸಂಸ್ಥೆಯ ಯಾನಗಳಲ್ಲಿ, ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವ್ಹೀಲರ್ ಅವರಂಥ ವಿದ್ವಾಂಸರು ಗ್ರೀಸಿನ ಪ್ರಾಚೀನ ನೆಲೆಗಳ ಬಗ್ಗೆ ಮಾತನಾಡಿದರು. ದೊಡ್ಡ ಹೆಸರಿನವರನ್ನು ಗೌರವದಿಂದ ಕರೆದೊಯ್ದ ಆ ಚಿತ್ರವೇ ಇಂದಿಗೂ ಜನರ ಮನಸ್ಸಿನಲ್ಲಿದೆ.

ಅಂಟಾರ್ಟಿಕದಂಥ ಕಡೆಗೆ ಹೋಗುವ ಸಣ್ಣ ಹಡಗುಗಳ ಮಾತು ಪೂರ್ತಿ ಬೇರೆ. ಅಲ್ಲಿನ ಉಪನ್ಯಾಸಕರು ಸಂಬಳ ಪಡೆಯುವ ತಂಡದವರು: ಬೆಳಿಗ್ಗೆ ಪೆಂಗ್ವಿನ್ ಬಗ್ಗೆ ಮಾತನಾಡಿದವರೇ ಮಧ್ಯಾಹ್ನ ರಬ್ಬರ್ ದೋಣಿ ನಡೆಸುತ್ತಾರೆ, ದಡದಲ್ಲಿ ಪ್ರಯಾಣಿಕರನ್ನು ಕಾಯುತ್ತಾರೆ. 1991ರಲ್ಲಿ ಸ್ಥಾಪನೆಯಾದ ಅಲ್ಲಿನ ಪ್ರವಾಸ ನಿರ್ವಾಹಕರ ಸಂಘದ ನಿಯಮದಂತೆ ಒಂದು ಸ್ಥಳದಲ್ಲಿ ಏಕಕಾಲಕ್ಕೆ 100ಕ್ಕಿಂತ ಹೆಚ್ಚು ಪ್ರಯಾಣಿಕರು ಇಳಿಯುವಂತಿಲ್ಲ, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗು ಯಾರನ್ನೂ ಇಳಿಸುವಂತಿಲ್ಲ. ಅದು ಪೂರ್ಣಾವಧಿಯ ವೃತ್ತಿ, ನಿವೃತ್ತಿಯ ನಂತರ ತೆಗೆದುಕೊಳ್ಳುವ ಹವ್ಯಾಸವಲ್ಲ.

ಸೇರುವ ಬಗೆ: ಡಾಕ್ಟರೇಟ್ ಕಡ್ಡಾಯವಲ್ಲ. ಐದಾರು ಉಪನ್ಯಾಸಗಳ ಶೀರ್ಷಿಕೆ, ಒಂದೊಂದಕ್ಕೂ ನಾಲ್ಕು ಸಾಲಿನ ವಿವರಣೆ, ನಿಜವಾದ ಸಭೆಯ ಮುಂದೆ ನೀವು ಮಾತನಾಡಿದ ಹದಿನೈದು ನಿಮಿಷದ ವಿಡಿಯೊ, ಇಷ್ಟನ್ನು ಹಡಗು ಸಂಸ್ಥೆಗೆ ನೇರವಾಗಿಯೋ ಮಧ್ಯವರ್ತಿಗಳ ಮೂಲಕವೋ ಕಳುಹಿಸಿ. ವಿಷಯ ಯಾನದ ಮಾರ್ಗಕ್ಕೆ ಹೊಂದಬೇಕು. ಪನಾಮಾ ಕಾಲುವೆಯಲ್ಲಿ ಹಡಗನ್ನು ಸಮುದ್ರಮಟ್ಟದಿಂದ 26 ಮೀಟರ್ ಮೇಲೆತ್ತುವ ಲಾಕ್‌ಗಳ (ನೀರು ತುಂಬಿಸಿ, ಖಾಲಿ ಮಾಡುವ ಬಾಗಿಲುಳ್ಳ ತೊಟ್ಟಿಗಳ) ಬಗ್ಗೆ ಮಾತನಾಡಬಲ್ಲವರಿಗೆ ಆ ಮಾರ್ಗದಲ್ಲಿ ಯಾವಾಗಲೂ ಬೇಡಿಕೆಯಿದೆ.

ಯಾರೂ ಕೇಳದ, ಆದರೆ ನಿಜವಾಗಿ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಕಡಲು ಒರಟಾದಾಗ ನಿಂತು ಮಾತನಾಡುವುದು ಹೇಗೆ? ಬಹುತೇಕ ದೊಡ್ಡ ಹಡಗುಗಳಲ್ಲಿ ರಂಗಮಂದಿರ ಮೂತಿಯ ಕಡೆಗೆ ಇರುತ್ತದೆ. ಹಡಗು ಅಲೆಯ ಮೇಲೆ ಮೂತಿ ಎತ್ತಿ ಇಳಿಸುವಾಗ ತೊನೆಯುವ ಏತದಂತೆ ನಡುಭಾಗ ಹೆಚ್ಚು ಕದಲುವುದಿಲ್ಲ, ಎರಡು ತುದಿಗಳು ಬಹಳವಾಗಿ ಏರಿಳಿಯುತ್ತವೆ. ಹಡಗಿನ ಎರಡೂ ಪಕ್ಕಗಳಲ್ಲಿ ನೀರಿನೊಳಗೆ ಚಾಚುವ ರೆಕ್ಕೆಗಳು ಪಕ್ಕದಿಂದ ಪಕ್ಕಕ್ಕೆ ಆಗುವ ಓಲಾಟವನ್ನು ತಗ್ಗಿಸುತ್ತವೆಯೇ ಹೊರತು ಈ ಏರಿಳಿತವನ್ನಲ್ಲ; ಅಷ್ಟು ಉದ್ದದ ಹಡಗನ್ನು ತುದಿಯಿಂದ ತುದಿಗೆ ಹಿಡಿದಿಡುವ ಬಲ ಅವಕ್ಕಿಲ್ಲ. ರಂಗಮಂದಿರಕ್ಕೆ ಕಿಟಕಿಯೂ ಇರುವುದಿಲ್ಲ. ಕಿವಿಯೊಳಗಿನ ಸಮತೋಲನದ ಅಂಗ ಚಲನೆಯನ್ನು ಗ್ರಹಿಸುತ್ತದೆ, ಕಣ್ಣು ಕದಲದ ಗೋಡೆಯನ್ನು ಕಾಣುತ್ತದೆ. ಈ ವೈರುಧ್ಯವೇ ಕಡಲಬೇನೆಯ ಕಾರಣ. ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುತ್ತವೆ, ಕಿವಿಯ ಹಿಂದೆ ಅಂಟಿಸುವ ಸ್ಕೋಪಲಮಿನ್ ಪಟ್ಟಿ ಬಾಯಿಯನ್ನು ಒಣಗಿಸುತ್ತದೆ. ಮಾತನಾಡುವವರಿಗೆ ಎರಡೂ ತೊಂದರೆಯೇ, ಆದ್ದರಿಂದ ಯಾವುದು ಒಗ್ಗುತ್ತದೆ ಎಂಬುದನ್ನು ಹೊರಡುವ ಮುನ್ನವೇ ವೈದ್ಯರನ್ನು ಕೇಳಿ ನೋಡಿಕೊಂಡಿರಬೇಕು. ನಾನು ಒಂದು ಪಾದವನ್ನು ಮುಂದಿಟ್ಟು, ಮೊಣಕಾಲನ್ನು ಸ್ವಲ್ಪ ಸಡಿಲಬಿಟ್ಟು ನಿಲ್ಲುತ್ತೇನೆ; ಚಿತ್ರದ ಮೇಲೆ ನಡುಗುವ ಲೇಸರ್ ಚುಕ್ಕೆಯನ್ನು ಬಳಸುವುದಿಲ್ಲ; ತೂಗಾಡುವ ಪರದೆಗಳನ್ನು ಕಟ್ಟಿಸುತ್ತೇನೆ. ಮತ್ತು ಮಾತು ಆರಂಭಿಸುವ ಮೊದಲು, ಮುಂದಿನ ಸಾಲಿಗೆ ಬನ್ನಿ ಎಂದು ಜೀವಮಾನವಿಡೀ ಹೇಳಿದ ನಾನು, ಹೊಟ್ಟೆ ತೊಳಸುತ್ತಿರುವವರು ದಯವಿಟ್ಟು ಎದ್ದು ಕೊನೆಯ ಸಾಲಿಗೆ ಹೋಗಿ ಕುಳಿತುಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅಲ್ಲಿಂದ ಹಡಗಿನ ನಡುಭಾಗ ಹತ್ತಿರ, ಏರಿಳಿತ ಅಷ್ಟರಮಟ್ಟಿಗೆ ಕಡಿಮೆ.