ಪೊಲೀಸ್ ನಾಯಿ ಟಾರು ರಸ್ತೆಗೆ ಬಂದು ನಿಂತುಬಿಡುವುದೇಕೆ?

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮ ಪಕ್ಕದ ತೋಟದ ಗೋದಾಮಿನಿಂದ ಮೆಣಸಿನ ಮೂಟೆ ಕಳುವಾಯಿತು. ಶ್ವಾನದಳದ ನಾಯಿ ತೋಟದೊಳಗೆಲ್ಲ ಓಡಿ, ರಸ್ತೆಗೆ ಬಂದು ನಿಂತಿತು. ಕರೆಸಿ ಏನು ಬಂತು?

ಉತ್ತರ: ನಿಂತ ಜಾಗವೇ ಸುಳಿವು. ಹೆಚ್ಚಿನ ಸಲ ಅದರ ಅರ್ಥ, ಕಳ್ಳ ಅಲ್ಲಿ ಗಾಡಿ ಹತ್ತಿದ್ದಾನೆ. ನಡೆಯುವವನ ಮೈಯಿಂದ ಚರ್ಮದ ಸಣ್ಣ ಹೊಟ್ಟು ಉದುರುತ್ತಲೇ ಇರುತ್ತದೆ. ಅದಕ್ಕೆ ತುಳಿದ ಹುಲ್ಲು, ಕದಡಿದ ಮಣ್ಣಿನ ವಾಸನೆ ಸೇರುತ್ತದೆ. ಗಾಡಿಯ ಬಾಗಿಲು ಹಾಕಿಕೊಂಡರೆ ಈ ಎಳೆ ಕಡಿಯಿತು. ಪೊಲೀಸರು ಅಲ್ಲಿಂದ ಮುಂದೆ ಟೈರಿನ ಗುರುತು, ಪೆಟ್ರೋಲ್ ಬಂಕಿನ ಸಿಸಿಟಿವಿ ನೋಡುತ್ತಾರೆ. ಬಿಸಿಲಿಗೆ ಕಾದ ಟಾರಿನ ಮೇಲೂ ವಾಸನೆ ಬೇಗ ಆರುತ್ತದೆ. ಇಬ್ಬನಿ ಬಿದ್ದ ತೋಟದ ನೆಲ ನಾಯಿಗೆ ಅನುಕೂಲ. ಆಷಾಢದ ಮಳೆ ಮಾತ್ರ ಎಲ್ಲ ತೊಳೆದುಬಿಡುತ್ತದೆ.

ಮಳೆಗಿಂತ ಹೆಚ್ಚು ಕೆಡಿಸುವವರು ನೋಡಲು ಬಂದ ನಾವೇ. 112ಕ್ಕೆ ಕರೆ ಮಾಡಿದ ಮೇಲೆ ಗೋದಾಮಿಗೆ ಯಾರನ್ನೂ ಬಿಡಬೇಡಿ. ಕಸ ಗುಡಿಸಬೇಡಿ, ಫಿನಾಯಿಲ್ ಅಂತೂ ಬೇಡವೇ ಬೇಡ. ಹೆಜ್ಜೆ ಗುರುತಿದ್ದರೆ ಮುಟ್ಟದೆ ಮೇಲೊಂದು ಬಾಂಡ್ಲಿ ಬೋರಲು ಹಾಕಿ. ಕಳ್ಳ ಬಿಟ್ಟುಹೋದ ಹಾರೆ, ಟವೆಲ್, ಚಪ್ಪಲಿ ಬಿದ್ದಲ್ಲೇ ಇರಲಿ. ನಾಯಿಯನ್ನು ನಡೆಸುವ ಪೊಲೀಸ್, ಅಂದರೆ ಹ್ಯಾಂಡ್ಲರ್, ಅದಕ್ಕೆ ಮೊದಲು ಮೂಸಿಸುವುದು ಇವನ್ನೇ. ಹತ್ತು ಕೈ ಮುಟ್ಟಿದ್ದರೆ ನಾಯಿ ಯಾರ ವಾಸನೆ ಹಿಡಿಯಬೇಕು?

ಅಂದಹಾಗೆ, ಹಾಸನಾಂಬೆ ಜಾತ್ರೆಯಲ್ಲಿ ತಪಾಸಣೆಗೆ ಬರುವ ನಾಯಿಯನ್ನು ಕಳವಿಗೆ ಕರೆತರುವುದಿಲ್ಲ. ಸ್ಫೋಟಕ ಪತ್ತೆಯ ನಾಯಿಗೆ ವಾಸನೆ ಸಿಕ್ಕೊಡನೆ ಬೊಗಳದೆ, ಕೆರೆಯದೆ ಕೂರುವ ತರಬೇತಿ. ಜಾಡು ಹಿಡಿಯುವ ನಾಯಿಯ ಪಾಠವೇ ಬೇರೆ.

ಇನ್ನೊಂದು ಮಾತು, ಇದು ಮುಖ್ಯ. ನಾಯಿ ತೋಟದ ಕೆಲಸಗಾರರ ಲೈನ್ ಮನೆಯ ಬಾಗಿಲಿಗೆ ಹೋದ ಮಾತ್ರಕ್ಕೆ ಆ ಮನೆಯವನು ಕಳ್ಳನಲ್ಲ. ಹಿಂದಿನ ದಿನ ಮೂಟೆ ಹೊತ್ತವನು ಅವನೇ ಇರಬಹುದು! ಸುಪ್ರೀಂ ಕೋರ್ಟ್ 1969ರಲ್ಲೇ ಅಬ್ದುಲ್ ರಜಾಕ್ ಪ್ರಕರಣದಲ್ಲಿ ಈ ತೊಡಕನ್ನು ಎತ್ತಿತ್ತು: ನಾಯಿ ಸಾಕ್ಷಿಕಟ್ಟೆ ಹತ್ತುವುದಿಲ್ಲ, ಪಾಟೀಸವಾಲಿಗೆ ಉತ್ತರಿಸುವುದಿಲ್ಲ. ತನಿಖೆಗೆ ದಿಕ್ಕು ತೋರಿಸಬಹುದು, ಅಷ್ಟೆ. ಶಿಕ್ಷೆಗೆ ಬೇರೆ ಪುರಾವೆ ಬೇಕು. ಹಿಂದಿನ ಎರಡು ದಿನ ಗೋದಾಮಿನಲ್ಲಿ ಯಾರು ಯಾರು ಕೆಲಸ ಮಾಡಿದ್ದರು ಎಂಬುದನ್ನು ನಾಯಿ ಬಿಡುವ ಮೊದಲೇ ಹ್ಯಾಂಡ್ಲರ್‌ಗೆ ಹೇಳಿಬಿಡಿ.