ಕೊಡೆ ಕೈಯಲ್ಲೇ ಇತ್ತು

ಮಳೆಗಾಲದ ಸಂಜೆ. ಮುಂಬಯಿಯ ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಕಾಲಿಡಲು ಜಾಗವಿಲ್ಲದ ಗರ್ದಿ. ಹಿಂದಿನಿಂದ ಯಾರದೋ ಕೈ ಬಂದು ನನ್ನ ಸೊಂಟವನ್ನು ಬಿಗಿಯಾಗಿ ಹಿಡಿಯಿತು. ನನ್ನ ಕೈಯಲ್ಲಿ ಮರದ ಹಿಡಿಯ ಭಾರದ ಕೊಡೆಯಿತ್ತು. ಎತ್ತಿ ಬಾರಿಸಬೇಕು ಅಂತ ಗೊತ್ತಿತ್ತು. ಕೈ ಏಳಲಿಲ್ಲ. ದನಿಯೂ ಹೊರಡಲಿಲ್ಲ. ಆ ಕೈ ತಾನಾಗಿ ಬಿಟ್ಟು ಹೋಗುವವರೆಗೆ ಕಂಬದ ಹಾಗೆ ನಿಂತಿದ್ದೆ. ಡೊಂಬಿವಲಿಗೆ ಬಂದು ಹೇಳಿದರೆ ಅತ್ತೆ, "ಕೊಡೆ ಇತ್ತಲ್ಲ ಮಾರಾಯ್ತಿ, ಒಂದು ಬಾರಿಸ್ಲಿಕ್ಕೆ ಏನಾಗಿತ್ತು?" ಅಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ಆ ಪ್ರಶ್ನೆ ವರ್ಷಗಟ್ಟಲೆ ನನ್ನನ್ನು ಬಿಡಲಿಲ್ಲ.

ಉತ್ತರದ ಒಂದು ತುಣುಕನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ. ಕುಂದಾಪುರದ ಕಡೆ ನಮ್ಮ ಅಜ್ಜಿ ಮನೆ. ಸೋದರಮಾವ ಕೋಳಿ ಹಿಡಿದು ಅಂಗಳದಲ್ಲಿ ಒತ್ತಿ ಮಲಗಿಸುತ್ತಿದ್ದರು. ಮೊದಲು ರೆಕ್ಕೆ ಬಡಿತ, ಕಿರುಚಾಟ. ಸ್ವಲ್ಪ ಹೊತ್ತಿಗೆ ಎಲ್ಲ ನಿಂತುಹೋಗುತ್ತಿತ್ತು. ಮಾವ ಕೈ ತೆಗೆದರೂ ಕೋಳಿ ಏಳುತ್ತಿರಲಿಲ್ಲ. ಕಣ್ಣು ತೆರೆದೇ ಇರುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ಎದ್ದು ಓಡುತ್ತಿತ್ತು. ಅದು ನಾಟಕ ಮಾಡುತ್ತಿದೆ ಅಂತ ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಅದು ನಾಟಕವಾಗಿರಲಿಲ್ಲ. ಕೋಳಿಯ ಈ ಸ್ಥಿತಿಯನ್ನು ಕಿರ್ಷರ್ ಎಂಬ ಪಾದ್ರಿ 1646ರಲ್ಲೇ ಬರೆದಿಟ್ಟಿದ್ದಾನೆ. ವಿಜ್ಞಾನಿಗಳು ಇದನ್ನು ಟಾನಿಕ್ ಇಮ್ಮೊಬಿಲಿಟಿ ಅನ್ನುತ್ತಾರೆ. ಮೈ ಮರಗಟ್ಟುವುದು ಅಂದರೆ ನಮಗೆ ಅರ್ಥವಾಗುತ್ತದೆ.

ಅಪಾಯ ಬಂದರೆ ಓಡುತ್ತೇವೆ, ಇಲ್ಲವೇ ಹೊಡೆದಾಡುತ್ತೇವೆ ಅಂತ ಕಲಿತಿದ್ದೇವೆ ಅಲ್ವಾ? ಎರಡೂ ಆಗದಿದ್ದಾಗ, ಬೇಟೆಗಾರನ ಹಿಡಿತದಲ್ಲಿ ಮೈ ಸಿಕ್ಕಿಬಿದ್ದಾಗ, ಮೂರನೆಯದು ಶುರುವಾಗುತ್ತದೆ. ಪ್ರಾಣಿಗಳ ಅಧ್ಯಯನದಿಂದ ತಿಳಿದಂತೆ, ಇದರ ಹಿಂದೆ ನಡುಮಿದುಳಿನ ಬಹಳ ಹಳೆಯ ನರಜಾಲವಿದೆ. ಕೈಕಾಲು ನಿಲ್ಲುತ್ತವೆ, ದನಿ ನಿಲ್ಲುತ್ತದೆ. ಎಚ್ಚರ ಮಾತ್ರ ಇರುತ್ತದೆ. ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗ ವಿಪರೀತ ಭಯದಲ್ಲಿ ಮೊದಲೇ ಮಂಕಾಗಿರುತ್ತದೆ. ಆಗ ಯಾಕೆ ಕೂಗಲಿಲ್ಲ ಅಂತ ಕೇಳುವುದು, ಸೀನುವಾಗ ಕಣ್ಣು ಯಾಕೆ ಮುಚ್ಚಿದೆ ಅಂತ ಕೇಳಿದ ಹಾಗೆ.

ಸೇತುವೆಯ ಮೇಲೆ ನನಗಾದದ್ದು ಕೆಲವೇ ಸೆಕೆಂಡಿನ ಮಾತು. ಅತ್ಯಾಚಾರಕ್ಕೆ ಸಿಕ್ಕವರ ಪಾಡು ಇನ್ನೂ ಘೋರ. ಸ್ಟಾಕ್‌ಹೋಮ್‌ನಲ್ಲಿ ಅಂಥ ಹೆಂಗಸರಿಗಾಗಿಯೇ ಒಂದು ತುರ್ತು ಚಿಕಿತ್ಸಾಲಯವಿದೆ. ಅಲ್ಲಿಗೆ ಬಂದ 298 ಮಂದಿಯನ್ನು ವೈದ್ಯರು ಮಾತಾಡಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 70 ಮಂದಿಗೆ ಆ ಹೊತ್ತಿನಲ್ಲಿ ಮೈ ಸಾಕಷ್ಟು ಮರಗಟ್ಟಿತ್ತು. 48 ಮಂದಿಗೆ ಅದು ತೀರಾ ಜಾಸ್ತಿ. ಇದು ಅವರವರೇ ಹೇಳಿದ್ದು, ಯಂತ್ರ ಇಟ್ಟು ಅಳೆದದ್ದಲ್ಲ, ನಿಜ. ಆದರೆ ಹಾಗೆ ಮರಗಟ್ಟಿದವರಲ್ಲೇ ಆರು ತಿಂಗಳ ನಂತರ ಆಘಾತದಿಂದಾಗುವ ಮನಸ್ಸಿನ ಕಾಯಿಲೆ, ಖಿನ್ನತೆ ಹೆಚ್ಚಾಗಿ ಕಂಡವು. ಸುಮ್ನೆ ಒಪ್ಪಿಕೊಂಡವರಿಗೆ ಹೀಗಾಗುತ್ತದೆಯೇ?

ಈಗ ನಮ್ಮ ಮಹಾರಾಷ್ಟ್ರದ್ದೇ ಒಂದು ಕೇಸು ನೋಡಿ. 1972ರ ಮಾರ್ಚ್, ದೇಸಾಯಿಗಂಜ್ ಪೊಲೀಸ್ ಠಾಣೆ, ರಾತ್ರಿ ಹೊತ್ತು. ಬಡ ಆದಿವಾಸಿ ಹುಡುಗಿ, ಅತ್ಯಾಚಾರದ ಆರೋಪ ಇಬ್ಬರು ಪೊಲೀಸರ ಮೇಲೆ. ಹೆದರಿ ಸುಮ್ಮನಾಗುವುದು ಒಪ್ಪಿಗೆಯಲ್ಲ ಎಂದು ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಅವರಿಗೆ ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಟ್ಟಿತು. ಅವಳ ಮೈಮೇಲೆ ಗಾಯವಿರಲಿಲ್ಲ, ಅದೊಂದು ಮುಖ್ಯ ಕಾರಣ. ಓದಿದಾಗಲೆಲ್ಲ ನನಗೆ ಆ ಅಂಗಳದ ಕೋಳಿ ನೆನಪಾಗುತ್ತದೆ. ಠಾಣೆಯೊಳಗೆ ಪೊಲೀಸರ ನಡುವೆ ಸಿಕ್ಕ ಹುಡುಗಿಗೆ ಓಡಲು ದಾರಿಯೆಲ್ಲಿತ್ತು?

ಮರುವರ್ಷ ನಾಲ್ವರು ಕಾನೂನು ಅಧ್ಯಾಪಕರು ಸುಪ್ರೀಂ ಕೋರ್ಟಿಗೇ ಬಹಿರಂಗ ಪತ್ರ ಬರೆದರು. ಮಣಿಯುವುದು ಬೇರೆ, ಒಪ್ಪುವುದು ಬೇರೆ ಅನ್ನುವುದು ಅದರ ತಿರುಳು. 1980ರಲ್ಲಿ ಮುಂಬಯಿಯ ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಸ್ವಲ್ಪ ಬದಲಾಯಿತು. 2013ರಲ್ಲಿ ಕೊನೆಗೂ ಕಾನೂನಿನಲ್ಲೇ ಬರೆದರು: ಮೈಯಿಂದ ಎದುರಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳು ಒಪ್ಪಿದ್ದಳು ಅಂತ ತಿಳಿಯಬಾರದು. ಈಗಿನ ದಂಡಸಂಹಿತೆಯಾದ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂನಲ್ಲೂ ಆ ಮಾತು ಉಳಿದಿದೆ. ಆದರೆ ವಯಸ್ಕ ಹೆಂಡತಿಯ ಮೇಲೆ ಬಲವಂತ ಮಾಡಿದ ಗಂಡನನ್ನು ಅತ್ಯಾಚಾರದ ಕಾನೂನು ಇವತ್ತಿಗೂ ಹೊರಗಿಟ್ಟಿದೆ. ಇದು ನನಗೆ ಒಪ್ಪಿಗೆಯಿಲ್ಲ.

ಬಲಪ್ರಯೋಗದ ಸಾಕ್ಷಿ ಬೇಡ ಅಂದರೆ ಯಾರನ್ನು ಬೇಕಾದರೂ ಸಿಕ್ಕಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಅವರ ಆತಂಕವನ್ನು ತಳ್ಳಿಹಾಕಲಾರೆ. ಆದರೆ ಸಾಕ್ಷಿಯೇ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆರೋಪ ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ಸರ್ಕಾರದ ಮೇಲೇ ಇರುತ್ತದೆ. ಮರಗಟ್ಟಿದ್ದಳು ಅನ್ನುವುದೊಂದರಿಂದಲೇ ಅಪರಾಧ ಸಾಬೀತಾಗುವುದೂ ಇಲ್ಲ. ಹುಡುಕುವ ಜಾಗ ಮಾತ್ರ ಬದಲಾಗಬೇಕು. ಅವಳ ಮೈಮೇಲೆ ಎಷ್ಟು ಗೀರುಗಳಿವೆ ಅಂತ ಎಣಿಸುವ ಮೊದಲು, ಅವಳು ಮಾತಿನಿಂದಲೋ ನಡೆಯಿಂದಲೋ ಒಪ್ಪಿಗೆ ಕೊಟ್ಟಿದ್ದಳೇ, ಅವನು ಯಾವುದನ್ನು ನೋಡಿ ಹೌದು ಅಂದುಕೊಂಡ ಅಂತ ಕೋರ್ಟು ನೋಡಬೇಕು.