ಡೊವ್‌ಜೆಂಕೊ: ಶಾಟ್ ನಿಲ್ಲಿಸಿ ನೋಡಿದ ನಿರ್ದೇಶಕ

ಸಂಕಲನ ಕಲಿಯಲು ಬರುವವರಿಗೆ ನಾನು ತಪ್ಪದೆ ತೋರಿಸುವ ದೃಶ್ಯಗಳಲ್ಲಿ, 1930ರಲ್ಲಿ ತೆರೆಕಂಡ ‘ಭೂಮಿ’ ಎಂಬ ಮೂಕಿ ಚಿತ್ರದ ಒಂದು ಕುಣಿತವೂ ಸೇರಿದೆ. ಊರಿಗೆ ಟ್ರ್ಯಾಕ್ಟರ್ ತಂದ ವಸಿಲ್ ಎಂಬ ಯುವಕ ಬೆಳುದಿಂಗಳಲ್ಲಿ ಒಬ್ಬನೇ ಮನೆಗೆ ಹೋಗುತ್ತಾ, ಸಂತೋಷ ತಡೆಯಲಾರದೆ, ಮಣ್ಣಿನ ದಾರಿಯ ಧೂಳೆಬ್ಬಿಸಿ ಕುಣಿಯತೊಡಗುತ್ತಾನೆ. ಕುಣಿಯುತ್ತಿದ್ದವನು ಇದ್ದಕ್ಕಿದ್ದಂತೆ ನೆಲಕ್ಕೆ ಬೀಳುತ್ತಾನೆ. ದೂರದಲ್ಲಿದ್ದ ಕುದುರೆಯೊಂದು ತಲೆಯೆತ್ತುತ್ತದೆ. ಬಂದೂಕನ್ನಾಗಲಿ, ಗುರಿಯಿಟ್ಟ ಕೈಯನ್ನಾಗಲಿ ನಮಗೆ ತೋರಿಸುವುದೇ ಇಲ್ಲ. ಸದ್ದೇ ಇಲ್ಲದ ಚಿತ್ರದಲ್ಲಿ ಗುಂಡಿನ ಸದ್ದನ್ನು ಆ ಕುದುರೆಯ ಮೂಲಕ ಕೇಳಿಸಿದವರು ಉಕ್ರೇನಿನ ನಿರ್ದೇಶಕ ಒಲೆಕ್ಸಾಂದ್ರ್ ಡೊವ್‌ಜೆಂಕೊ.

ಅವರು ಸಿನಿಮಾಕ್ಕೆ ಬಂದದ್ದು ತಡವಾಗಿ. ದೆಸ್ನಾ ನದಿ ಸೀಮೆಯ ಸೊಸ್ನಿತ್ಸ್ಯದಲ್ಲಿ 1894ರಲ್ಲಿ ರೈತರ ಮನೆಯಲ್ಲಿ ಹುಟ್ಟಿದರು. ಆ ತಾಯಿ ಹೆತ್ತ ಹದಿನಾಲ್ಕು ಮಕ್ಕಳಲ್ಲಿ ಬೆಳೆದು ದೊಡ್ಡವರಾದವರು ಇಬ್ಬರೇ. ಶಾಲಾ ಮೇಷ್ಟರಾಗಿದ್ದರು, 1917ರ ರಷ್ಯನ್ ಕ್ರಾಂತಿಯ ನಂತರ ವಾರ್ಸಾ ಮತ್ತು ಬರ್ಲಿನ್ನಿನ ರಾಜತಾಂತ್ರಿಕ ಕಚೇರಿಗಳಲ್ಲಿ ಕೆಲಸ ಮಾಡಿದರು, ಬರ್ಲಿನ್ನಿನಲ್ಲಿ ಚಿತ್ರಕಲೆ ಕಲಿತರು, 1923ರಲ್ಲಿ ಖಾರ್ಕಿವ್‌ಗೆ ಹಿಂತಿರುಗಿ ‘ಸಾಶ್ಕೊ’ ಎಂಬ ಹೆಸರಿನಲ್ಲಿ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. 1926ರಲ್ಲಿ ಒಡೆಸಾದ ಸ್ಟುಡಿಯೊ ಸೇರಿದಾಗ ಅವರಿಗೆ ಮೂವತ್ತು ದಾಟಿತ್ತು. ಮೊದಲ ಒಂದೆರಡು ಚಿತ್ರಗಳು ಕೈ ಪಳಗಿಸಿಕೊಳ್ಳಲು ಮಾಡಿದಂಥವು. ‘ಜ್ವೆನಿಹೊರಾ’ (1928), ‘ಆರ್ಸೆನಲ್’ (1929), ‘ಭೂಮಿ’ – ಈ ಮೂರರಲ್ಲೇ ಅವರ ನಿಜವಾದ ಸತ್ವವಿದೆ ಎಂಬುದು ನನ್ನ ಅಭಿಪ್ರಾಯ.

ಅದೇ ಕಾಲದಲ್ಲಿ ಸೋವಿಯತ್ ನಿರ್ದೇಶಕ ಸೆರ್ಗೆಯ್ ಐಸೆನ್‌ಸ್ಟೈನ್ ಒಂದು ಶಾಟನ್ನು ಇನ್ನೊಂದಕ್ಕೆ ಡಿಕ್ಕಿ ಹೊಡೆಸಿ ಅರ್ಥ ಹುಟ್ಟಿಸುತ್ತಿದ್ದರೆ, ಡೊವ್‌ಜೆಂಕೊ ಶಾಟನ್ನು ನಿಲ್ಲಿಸಿ, ನೋಡುಗ ಅದನ್ನು ಪೂರ್ತಿ ನೋಡಿ ಮುಗಿಸುವವರೆಗೂ ಕಾಯುತ್ತಿದ್ದರು. ‘ಭೂಮಿ’ ಆರಂಭವಾಗುವುದು ಗಾಳಿಗೆ ತೊನೆಯುವ ಹೊಲ, ಸೂರ್ಯಕಾಂತಿಯ ಪಕ್ಕ ನಿಂತ ಹುಡುಗಿಯ ಮುಖ, ಸೇಬಿನ ರಾಶಿಯ ನಡುವೆ ಮಲಗಿ ನೆಮ್ಮದಿಯಿಂದ ಸಾಯುವ ಅಜ್ಜ – ಇವುಗಳಿಂದ. ಛಾಯಾಗ್ರಾಹಕ ದನೀಲೊ ದೆಮುತ್ಸ್ಕಿ ಇವನ್ನು ಅಲುಗದ ಚೌಕಟ್ಟಿನಲ್ಲಿ, ಆಕಾಶಕ್ಕೆ ಧಾರಾಳವಾಗಿ ಜಾಗ ಬಿಟ್ಟು ಹಿಡಿದಿದ್ದಾರೆ. ಒಂದೇ ಚೌಕದೊಳಗೆ ಎಲ್ಲವನ್ನೂ ಹೇಳಿ ಮುಗಿಸಬೇಕಾದ ವ್ಯಂಗ್ಯಚಿತ್ರಕಾರನ ಶಿಸ್ತು ಇಲ್ಲಿ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ. ನಮ್ಮ ಇಂದಿನ ಟೈಮ್‌ಲೈನಿನಲ್ಲಿ ಇಂಥ ಶಾಟ್ ಬಂದರೆ ನಿರ್ಮಾಪಕರು ‘ಸ್ವಲ್ಪ ಟ್ರಿಮ್ ಮಾಡಿ’ ಎನ್ನುವುದು ಖಂಡಿತ.

ಆ ಕಾಲದ ಆಕ್ಷೇಪ ಮಾತ್ರ ಬೇರೆಯದೇ ಆಗಿತ್ತು. ರೈತರ ಜಮೀನುಗಳನ್ನು ಒಟ್ಟುಗೂಡಿಸುವ ಸೋವಿಯತ್ ಸರ್ಕಾರದ ಸಾಮೂಹಿಕ ಕೃಷಿಯ ಪರವಾಗಿ ತಯಾರಾದ ಚಿತ್ರವೇ ಆದರೂ, ಟ್ರ್ಯಾಕ್ಟರಿಗಿಂತ ಮಳೆ, ಹಣ್ಣು, ಹೆರಿಗೆ, ಸಾವುಗಳೇ ಅದರಲ್ಲಿ ದೊಡ್ಡದಾಗಿ ಕಾಣುತ್ತಿದ್ದವು. ಕವಿ ದೆಮ್ಯಾನ್ ಬೆದ್ನಿ ‘ಇಜ್ವೆಸ್ತಿಯಾ’ ಪತ್ರಿಕೆಯಲ್ಲಿ ಅದರ ಮೇಲೆ ಹರಿಹಾಯ್ದರು. ಬತ್ತಿದ ರೇಡಿಯೇಟರಿಗೆ ರೈತರು ಮೂತ್ರ ತುಂಬಿ ಟ್ರ್ಯಾಕ್ಟರ್ ಓಡಿಸುವ ತುಣುಕು, ವಸಿಲ್‌ನನ್ನು ಕಳೆದುಕೊಂಡ ಹುಡುಗಿ ಬೆತ್ತಲೆಯಾಗಿ ಗೋಳಾಡುವ ತುಣುಕು ಕತ್ತರಿಗೆ ಬಲಿಯಾದವು. ಚಿತ್ರ ಬಂದು ಎರಡೇ ವರ್ಷಗಳಲ್ಲಿ, ಅದೇ ಸಾಮೂಹಿಕ ಕೃಷಿಯ ಬಲವಂತ ಮತ್ತು ಧಾನ್ಯ ವಸೂಲಿಯಿಂದಾಗಿ, ಉಕ್ರೇನಿನಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆ ಹಣ್ಣಿನ ರಾಶಿಯನ್ನು ಇವತ್ತು ನೋಡುವವರು ಈ ಸಂಗತಿಯನ್ನು ಬದಿಗಿಟ್ಟು ನೋಡಲಾಗದು.

ಮುಂದೆ ಅವರು ಮಾಸ್ಕೋಗೆ ಹೋದರು. ಸ್ಟಾಲಿನ್ ಸೂಚನೆಯ ಮೇರೆಗೆ ಅಂತರ್ಯುದ್ಧದ ಸೇನಾನಿಯೊಬ್ಬನ ಕಥೆಯನ್ನು ‘ಶ್ಚೊರ್ಸ್’ (1939) ಹೆಸರಿನಲ್ಲಿ ತೆಗೆದರು. 1941ರಲ್ಲಿ ಅದಕ್ಕೆ ಸ್ಟಾಲಿನ್ ಪ್ರಶಸ್ತಿಯೂ ಬಂತು. ಆದರೆ ಯುದ್ಧದಲ್ಲಿ ನಲುಗಿದ ತಮ್ಮ ಜನರ ಪಾಡನ್ನು ಬರೆದ ‘ಉರಿಯುವ ಉಕ್ರೇನ್’ ಚಿತ್ರಕಥೆಯನ್ನು 1944ರ ಜನವರಿಯಲ್ಲಿ ಅದೇ ಸ್ಟಾಲಿನ್ ಖಂಡಿಸಿ ತಳ್ಳಿಹಾಕಿದರು. ಅಲ್ಲಿಂದಾಚೆಗೆ ಅವರು ಪೂರ್ಣಗೊಳಿಸಿದ ಕಥಾಚಿತ್ರ ಸಸ್ಯತಜ್ಞ ಮಿಚೂರಿನ್ ಕುರಿತದ್ದು ಒಂದೇ. ‘ಭೂಮಿ’ಯನ್ನು 1958ರಲ್ಲಿ ಬ್ರಸೆಲ್ಸ್‌ನಲ್ಲಿ ಜಗತ್ತಿನ ಹನ್ನೆರಡು ಶ್ರೇಷ್ಠ ಚಿತ್ರಗಳ ಪಟ್ಟಿಗೆ ಸೇರಿಸಿದಾಗ, ಅವರು ತೀರಿಕೊಂಡು ಎರಡು ವರ್ಷವಾಗುತ್ತ ಬಂದಿತ್ತು.

ಕೊನೆಗಾಲದಲ್ಲಿ ಅವರು ಸಿದ್ಧಪಡಿಸುತ್ತಿದ್ದ ‘ಸಮುದ್ರದ ಕಾವ್ಯ’ವನ್ನು 1958ರಲ್ಲಿ ತೆರೆಗೆ ತಂದವರು ಪತ್ನಿ ಯೂಲಿಯಾ ಸೊಲ್‌ನ್ತ್ಸೆವಾ, ‘ಭೂಮಿ’ಯಲ್ಲಿ ವಸಿಲ್‌ನ ತಂಗಿಯಾಗಿ ನಟಿಸಿದವರೂ ಅವರೇ. ಡೊವ್‌ಜೆಂಕೊ ಬರೆದಿಟ್ಟ ಮತ್ತೊಂದು ಚಿತ್ರಕಥೆಯನ್ನು ನಿರ್ದೇಶಿಸಿ 1961ರಲ್ಲಿ ಕಾನ್ ಉತ್ಸವದ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಪಡೆದ ಮೊದಲ ಮಹಿಳೆ ಎನಿಸಿಕೊಂಡರು. ಈ ಚಿತ್ರಗಳನ್ನೂ ಗಂಡನ ಖಾತೆಗೇ ಜಮಾ ಮಾಡುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿಬಿಟ್ಟಿದೆ. ಮಾತು ಡೊವ್‌ಜೆಂಕೊ ಅವರದಿರಬಹುದು, ಶಾಟ್ ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸಿದವರು ಸೊಲ್‌ನ್ತ್ಸೆವಾ, ಆದ್ದರಿಂದ ಅವುಗಳ ಗುಣದೋಷವನ್ನೂ ಆಕೆಯ ಹೆಸರಿನಲ್ಲೇ ಚರ್ಚಿಸಬೇಕು.